ಆಪಾ ಬರೆದ ‘ತಿದ್ದು’

ಕಳೆದ ವಾರ ಕೋಲಾರದ ಜೆರಾಕ್ಸ್ ಅಂಗಡಿಯಲ್ಲಿ ಆಗತಾನೇ ಹೊರಬಿದ್ದ ಹಾಳೆಗಳನ್ನು ಕೈಗೆ ತೆಗೆದುಕೊಂಡೆ. ಆ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಆಪಾ ನೆನಪಾದರು...

ಶ್ರೀನಿವಾಸಪುರದ ಡಿಟಿಪಿ ಅಂಗಡಿಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂರುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಉರ್ದು ಮನೆಮಾತಿನವರು, ಹಾಗಾಗಿ ಆಪಾ, ಅಂದರೆ ಅಕ್ಕ. ಹಳೇ ಫಾಂಟಿನಲ್ಲಿ ಟೈಪಾದ ಕನ್ನಡವನ್ನು ಯೂನಿಕೋಡಿಗೆ ತರಲು ಟೆಕ್ಸ್ಟ್ ಎಡಿಟರಿನ ಸ್ಕ್ರಿಪ್ಟಿನಲ್ಲೇ ಅವರೊಂದು ಫಂಕ್ಷನ್, ಅಂದರೆ ಹೆಸರಿಟ್ಟು ಕರೆದಾಗ ಓಡುವ ಪುಟ್ಟ ಪ್ರೋಗ್ರಾಂ, ಬರೆದಿದ್ದರು. ಅದರ ಹೆಸರು ‘ತಿದ್ದು’. ಯಲ್ದೂರಿನ ಶಾಲೆಯ ಸ್ಮರಣಸಂಚಿಕೆಯೂ ಅದರಲ್ಲೇ ಸರಿಯಾಗಿತ್ತು.

ಅದಕ್ಕೊಂದು ಚಿಕ್ಕ ಅಡ್ಡಹೆಸರು ಇಟ್ಟುಕೊಳ್ಳಲು ಹೋಗಿ ನಾನು ಹೆಸರಿನ ಮುಂದೆ ಬ್ರಾಕೆಟ್ ಹಾಕಿದೆ. ಬ್ರಾಕೆಟ್ ಹಾಕಿದರೆ ಅದನ್ನು ಕರೆದ ಹಾಗೆ. ಫಂಕ್ಷನ್ ಅಲ್ಲೇ ಓಡಿ, ತೆರೆದಿದ್ದ ಲಗ್ನಪತ್ರಿಕೆ ಕಲಸುಮೇಲೋಗರವಾಯಿತು. ಆಪಾ ನಕ್ಕುಬಿಟ್ಟರು.

“ಲೇ, ಅದನ್ನ ಕರಿ ಅಂತ ಯಾರಂದ್ರು? ಇದೇ ಅಂತ ಬೆರಳು ತೋರ್ಸು, ಸಾಕು. ಅದೂ ಹೆಸರಿಗಲ್ಲ ಕಣೇ. ನಾಳೆ ಅದೇ ಹೆಸರಲ್ಲಿ ಇನ್ಯಾರೋ ಬಂದು ಕೂತ್ರೆ ನಿನ್ ಬೆರಳು ಅವ್ರ ಕಡೆ ತಿರ್ಗುತ್ತೆ. ಫಂಕ್ಷನ್ನನ್ನೇ ಹಿಡ್ಕೋ.”

ಹಾಗೇ ಮಾಡಿದೆ.

ಮುಂದೆ ಮಾಲೀಕರ ಬಾಮೈದ ಬಂದ. ನಾಲ್ಕು ವಿಡಿಯೊ ನೋಡಿ ಪಂಡಿತನಾಗಿದ್ದ. ಅದೇ ‘ತಿದ್ದು’ ಹೆಸರಿನಲ್ಲಿ ತನ್ನದೊಂದು ಫಂಕ್ಷನ್ ಬರೆದು, ಆಪಾರ ಫೈಲಿನ ನಂತರ ಅದು ಓಡುವಂತೆ ಇಟ್ಟ. ಅಂಗಡಿಯ ಉಳಿದವರು ‘ತಿದ್ದು’ವಿಗೆ ಇಟ್ಟುಕೊಂಡಿದ್ದ ಅಡ್ಡಹೆಸರುಗಳು ಬರೀ ಹೆಸರನ್ನು ನಂಬಿದ್ದವು. ಎಲ್ಲವೂ ಅವನ ಕಡೆ ತಿರುಗಿದವು. ಒತ್ತಕ್ಷರಗಳು ಉದುರತೊಡಗಿದವು. ನನ್ನದು ಮಾತ್ರ ಆಪಾ ಬರೆದದ್ದನ್ನು ಬಿಡಲಿಲ್ಲ. ‘ತಿದ್ದು’ ಎಂದರೆ ಆಪಾರದ್ದು ಎಂದೇ ಎಲ್ಲರಿಗೂ ಗೊತ್ತಿದ್ದದ್ದು; ತಪ್ಪು ಅವನದು, ಗಿರಾಕಿಗಳಿಂದ ಬೈಸಿಕೊಂಡದ್ದು ಆಪಾ. ಎರಡೇ ದಿನಕ್ಕೆ ಅವರನ್ನು ಕೆಲಸದಿಂದ ತೆಗೆದರು.

“ಆಯಮ್ಮನ ಫೈಲು ಅಳಿಸಿಬಿಡಮ್ಮ,” ಎಂದರು ಮಾಲೀಕರು ನನಗೆ.

“ಅಳ್ಸಲ್ಲ ಸಾರ್. ಬೇಕಾದ್ರೆ ನನ್ನೂ ಕಳ್ಸಿ.”

ಕಳಿಸಿದರು! ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡೇ ಬಂದೆ. ಕಳ್ಳತನ ಎನ್ನುವವರು ಎನ್ನಲಿ, ಬರೆದವರು ಯಾರೆಂದು ನನಗೆ ಗೊತ್ತು.

ಆದರೆ ಆಪಾಗೆ ಅದನ್ನು ಹೇಳಲಾಗಲಿಲ್ಲ. ಅವರು ಮುಳಬಾಗಿಲಿನ ತಮ್ಮನ ಮನೆ ಸೇರಿದ್ದರು. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಾ... ಅವರು ತೀರಿಕೊಂಡ ಸುದ್ದಿಯೇ ಬಂತು. ತಾವು ಬರೆದದ್ದೆಲ್ಲ ಅಳಿಸಿಹೋಯಿತು ಎಂದುಕೊಂಡೇ ಕಣ್ಣು ಮುಚ್ಚಿರಬೇಕು. ಆ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಈಗ ನರಸಾಪುರದ ಕಂಪನಿಯೊಂದರ ಆಫೀಸಿನಲ್ಲಿ ನನ್ನ ಕೆಲಸ. ಹಳೇ ಕನ್ನಡ ಕಡತ ಬಂದರೆ ಈಗಲೂ ‘ತಿದ್ದು’ವೇ ಗತಿ. ನಿನ್ನೆ ಹೊಸ ಮೇಲಧಿಕಾರಿ ಪರದೆ ನೋಡಿ, ಇದೆಂಥ ಹಳೇ ಸರಕು, ತೆಗೆದುಹಾಕಿ ಎಂದರು. ತೆಗೆಯುವುದಿಲ್ಲ ಎಂದೆ. ಫೈಲಿನ ಮೊದಲ ಸಾಲಿನಲ್ಲಿ ಆಪಾರ ಪೂರ್ತಿ ಹೆಸರು ಟೈಪ್ ಮಾಡಿ, ಮೇಲಧಿಕಾರಿಯ ಕಣ್ಣೆದುರೇ ಸೇವ್ ಮಾಡಿದೆ.