ಗಂಜಿ ತಳ ಹಿಡಿಸಿದ ಭಾಷಣ

ಇವತ್ತು ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ಬಾವಿ ಹಗ್ಗದ ಸವೆದ ತುದಿ ಕತ್ತರಿಸಿ ಹೊಸ ಗಂಟು ಹಾಕಿದೆ. ನಿನ್ನೆಯ ಬಂಗಡೆ ಸಾರು ಕುದಿಸಿದೆ. ನಮ್ಮನೆಯವರ ರಿಕ್ಷಾದ ಸೀಟು ಹರಿದಿತ್ತು, ದಬ್ಬಣ ಹಿಡಿದು ಹೊಲಿದೆ. ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯ ಬಾಯಿ ಕಟ್ಟಿದೆ. ಪಕ್ಕದ ಮನೆಯ ಕೋಳಿ ನಮ್ಮ ಬಸಳೆ ಚಪ್ಪರಕ್ಕೆ ನುಗ್ಗಿತ್ತು, ಓಡಿಸಿದೆ. ಮತ್ತೆ ಬಂತು, ಮತ್ತೆ ಓಡಿಸಿದೆ. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಟ್ಟ ಹತ್ತಿ ದೊಡ್ಡ ತಪ್ಪಲೆಯನ್ನು ಇಳಿಸಿದೆ.

ಆ ತಪ್ಪಲೆ ಇಳಿಸದೆ ಬಹಳ ವರ್ಷಗಳಾಗಿದ್ದವು. ಒಳಗೆ ಜೇಡರ ಬಲೆ, ಯಾರದೋ ಮಗುವಿನ ಗಿಲಕಿ. ತೊಳೆದು ಬಿಸಿಲಿಗೆ ಕವುಚುವ ಮೊದಲು ಬಗ್ಗಿ ನೋಡಿದೆ: ತಳದ ಕಪ್ಪು ಕಲೆ ಹಾಗೆಯೇ ಇದೆ. ಹುಣಸೆಹಣ್ಣು, ಬೂದಿ, ಮರಳು, ಪೇಟೆಯ ಪುಡಿ ಯಾವುದಕ್ಕೂ ಅದು ಜಗ್ಗಿಲ್ಲ. ನೋಡುತ್ತಿದ್ದಂತೆ ತಳ ಹಿಡಿದ ಗಂಜಿಯ ವಾಸನೆ ಬಂದಂತಾಯಿತು. ಮೂಗಿಗೆ ಬಂತೋ, ಬರೀ ನೆನಪಿಗೆ ಬಂತೋ, ನಿಮಗೆ ಹೇಗೆ ಹೇಳಲಿ? ಕೆಲವು ವಾಸನೆಗಳಿಗೆ ಒಲೆ ಬೇಕೆಂದೇನೂ ಇಲ್ಲ.

ತಪ್ಪಲೆ ನನ್ನ ಅತ್ತೆಯದ್ದು, ಅಂದರೆ ಇವರ ತಾಯಿಯದ್ದು. ಹೆಸರು ದೇವಮ್ಮ. ಕುಮಟೆಯ ಅಂಚಿನ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆಯುತ್ತಿದ್ದರು, ಅಲ್ಲಿನ ಹೆಂಗಸರ ಸಂಘಕ್ಕೆ ಮುಂದಾಳೂ ಆಗಿದ್ದರು. ಸಂಘಕ್ಕೆ ಆಫೀಸು ಎಂಬುದಿರಲಿಲ್ಲ, ನಮ್ಮ ಅಂಗಳವೇ ಆಫೀಸು. ಸಭೆ ಸೇರುವುದು ಸಂಜೆ, ದಿನವಿಡೀ ಕೂತು ಬಂದ ಹೆಂಗಸರು ಮನೆಗೆ ಹೋಗಿ ಅಡುಗೆ ಮಾಡುವ ಹೊತ್ತು. ಅವರನ್ನು ಬರೀ ಮಾತಿಗೆ ನಿಲ್ಲಿಸಿಕೊಳ್ಳುವುದು ಹೇಗೆ? ಅದಕ್ಕೆ ಅತ್ತೆ ಒಂದು ಪದ್ಧತಿ ಮಾಡಿದ್ದರು. ಭಾಷಣ ಶುರುವಾದಾಗ ಒಲೆಯ ಮೇಲೆ ಗಂಜಿ ಇಡುವುದು. ಗಂಜಿ ಬೆಂದಾಗ ಭಾಷಣ ಮುಗಿಯಬೇಕು. ಎಲ್ಲರೂ ಉಂಡು, ಮಕ್ಕಳಿಗೆ ಡಬ್ಬಿಯಲ್ಲಿ ಒಯ್ದು, ಮನೆಗೆ ಹೋಗಬೇಕು.

ಇಷ್ಟೇ ಆಗಿದ್ದರೆ ನಾನು ಇಲ್ಲಿ ಹೇಳುತ್ತಿರಲಿಲ್ಲ. ಅತ್ತೆಯ ಹತ್ತಿರ ಎರಡು ಡಬ್ಬದ ಅಕ್ಕಿ ಇರುತ್ತಿತ್ತು. ಒಂದು ಕುಚ್ಚಿಗೆ, ಕೆಂಪಗೆ, ದಪ್ಪಗೆ, ಬೇಯಲಿಕ್ಕೆ ಹೊತ್ತು ತೆಗೆದುಕೊಳ್ಳುವಂಥದ್ದು. ಇನ್ನೊಂದು ಬೆಳ್ತಿಗೆ, ನೀರು ಕುದಿಯುವುದೇ ತಡ ಮೆತ್ತಗಾಗುವಂಥದ್ದು. ಭಾಷಣಕ್ಕೆ ಬಂದವರು ಕಾಲು ತೊಳೆದು ಜಗಲಿ ಹತ್ತುವಾಗಲೇ ಅತ್ತೆ ಒಮ್ಮೆ ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ ನನಗೆ ಹೇಳುತ್ತಿದ್ದರು, "ಕುಚ್ಚಿಗೆ ಹಾಕೆ." ಅಥವಾ, "ಬೆಳ್ತಿಗೆ ಸಾಕು."

ದೊಡ್ಡ ಊರಿಂದ ಜೋಳಿಗೆ ಹಾಕಿಕೊಂಡು ಬಂದವರಿಗೆ ಹೆಚ್ಚಾಗಿ ಬೆಳ್ತಿಗೆಯೇ. ಒಬ್ಬರು ಯಾವುದೋ ಹಿಮದ ದೇಶದ ಕ್ರಾಂತಿಯಿಂದ ಶುರು ಮಾಡಿ, ನಮ್ಮ ದೇಶದ ಗಡಿ ದಾಟುವುದರೊಳಗೆ ಗಂಜಿ ಬೆಂದಿತ್ತು. ಅತ್ತೆ ಸೌಟಿನಿಂದ ತಪ್ಪಲೆಯ ಕಂಠಕ್ಕೆ ಟಣ್ ಎಂದು ಬಡಿದು, "ಆತು, ಕಾಮ್ರೇಡ್. ಕುಮ್ಟೆಗೆ ಬಪ್ಪುದು ಮುಂದಿನ ಸರ್ತಿ ಆಗ್ಲಿ, ಈಗ ಊಟ" ಎಂದರು. ಪಾಪ, ಅವರೂ ನಕ್ಕು ಬಟ್ಟಲು ಹಿಡಿದರು. ಹೊಸ ಸೊಸೆಯಾಗಿದ್ದ ನನಗೆ ಕ್ರಾಂತಿಯೆಂದರೆ ಬೆಳ್ತಿಗೆ ಅಕ್ಕಿಯಲ್ಲಿ ಆಗುವಂಥದ್ದೋ ಕುಚ್ಚಿಗೆಯಲ್ಲೋ ಎಂಬ ಗೊಂದಲ ಬಹಳ ದಿನ ಇತ್ತು.

ಅತ್ತೆಯ ಅಂದಾಜು ತಪ್ಪಿದ್ದು ಒಮ್ಮೆ ಮಾತ್ರ. ಭಟ್ಕಳದಿಂದ ಒಬ್ಬ ಟೈಲರ್ ಬಂದಿದ್ದರು. ಸಪೂರ ಮನುಷ್ಯ, ಕುತ್ತಿಗೆಗೆ ಅಳತೆಪಟ್ಟಿ ಹಾಗೆಯೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದರು. ಮನೆಯಲ್ಲಿ ನವಾಯತಿ ಮಾತು, ಅಂಗಡಿಯಲ್ಲಿ ಉರ್ದು. ಕನ್ನಡ ಮಾತಾಡುವಾಗ ಶಬ್ದಕ್ಕಾಗಿ ಅಷ್ಟು ದೂರ ನಡೆದು ಹೋಗಿ ತರುವವರಂತೆ ನಿಲ್ಲುತ್ತಿದ್ದರು. ಅತ್ತೆ, "ಬೆಳ್ತಿಗೆಯೇ ಹೆಚ್ಚಾತು" ಎಂದು ಪಿಸುಗುಟ್ಟಿದರು.

ಟೈಲರ್ ಎದ್ದು ನಿಂತವರು ಹೇಳಿದ್ದು, "ಬೆಹೆನ್, ನಂಗೆ ಭಾಷಣ ಬರುದಿಲ್ಲ. ನಾ ಕೇಳ್ತೆ, ನೀವು ಹೇಳಿ. ಕೈ ಎಲ್ಲ ಮುಂದೆ ಹಿಡೀರಿ ನೋಡುವಾ."

ಹೆಂಗಸರು ಮುಖ ಮುಖ ನೋಡಿಕೊಂಡು, ನಾಚಿ, ನಕ್ಕು, ಕೈ ಮುಂದೆ ಹಿಡಿದರು. ಗೇರುಬೀಜದ ಸಿಪ್ಪೆಯ ಎಣ್ಣೆ ಬಿದ್ದ ಚರ್ಮ ಸುಟ್ಟು ಕಪ್ಪಾಗುತ್ತದೆ, ಪದರ ಪದರ ಏಳುತ್ತದೆ. ಅದಕ್ಕೆ ಹರಳೆಣ್ಣೆ ಹಚ್ಚಿ, ಬೂದಿ ಸವರಿಕೊಂಡು ಕೂರಬೇಕು. ಆ ಹರಳೆಣ್ಣೆ ಅವರವರ ಮನೆಯದ್ದೇ.

"ನಂಗೆ ಸೂಜಿ, ನೂಲು ಸೇಠ್ ಕೊಡ್ತ್ರು," ಎಂದರು ಟೈಲರ್. "ನಿಮ್ಗೆ ಎಣ್ಣೆ ಯಾಕೆ ಕೊಡುದಿಲ್ಲ?"

ಹೆಂಗಸರು ತಮ್ಮ ಕೈಗಳನ್ನೇ ತಿರುಗಿಸಿ ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಒಬ್ಬಳು ಇದೇ ಕೈಯಲ್ಲಿ ಮಗುವಿಗೆ ಎಣ್ಣೆ ನೀವಲಾಗದ್ದನ್ನು ಹೇಳಿದಳು. ಇನ್ನೊಬ್ಬಳು, "ನಮ್ಮನೆಯವ್ರು ನನ್ ಕೈಯಾಗೆ ತಾಂಬೂಲನೂ ತಕಣುದಿಲ್ಲ, ಹೊಲಸು ಹೇಳಿ" ಎಂದಾಗ ಮೂಲೆಯಿಂದ ಯಾರೋ, "ಮಡಿಚಿ ಬಾಯಿಗೇ ತುರುಕು ಮರಾಯ್ತಿ" ಎಂದು ಗುಲ್ಲೆಬ್ಬಿಸಿದರು. ಒಲೆಯ ಮುಂದೆ ಸೌಟು ಹಿಡಿದು ಕೂತಿದ್ದ ಅತ್ತೆಯೇ ಎದ್ದು ಮುಂದೆ ಹೋಗಿ, ಅದೇ ಸೌಟನ್ನು ಬೀಸುತ್ತಾ ಮಾತಿಗೆ ನಿಂತರು. ವಾಸನೆ ಬಂದದ್ದು ಮೊದಲು ನಾಯಿಗೆ.

ಆ ಗಂಜಿ ಉಂಡವರು ಯಾರೂ ದೂರಲಿಲ್ಲ. ಕೆಲವು ವಾರಗಳ ಮೇಲೆ, ಹೆಂಗಸರೆಲ್ಲ ಗೇಟಿನ ಎದುರು ಕೈ ಮುಂದೆ ಹಿಡಿದು ಸಾಲಾಗಿ ನಿಂತ ಮೇಲೆ, ಫ್ಯಾಕ್ಟರಿಯ ಒಳಗೆ ಎಣ್ಣೆಯ ಡಬ್ಬ ಬಂತು. ಅತ್ತೆಗೆ ಅದಕ್ಕಿಂತ ದೊಡ್ಡ ಗೆಲುವು ಬೇರೆ ಇರಲಿಲ್ಲ. ಸಾಯುವವರೆಗೂ ಯಾರಾದರೂ ತಪ್ಪಲೆಯ ಕಲೆ ತಿಕ್ಕಲು ಹೋದರೆ, "ಇರ್ಲಿ ಬಿಡೇ, ಅದು ಎಣ್ಣೆದು" ಎನ್ನುತ್ತಿದ್ದರು.

ಆಮೇಲೆ ಸಭೆಗಳು ಹೊನ್ನಾವರದ ಬಾಡಿಗೆ ಹಾಲ್‌ಗೆ ಹೋದವು. ಕುರ್ಚಿಗೆ ಬಟ್ಟೆ ತೊಡಿಸಿರುತ್ತಾರೆ, ಕಾಗದದ ಕಪ್ಪಿನಲ್ಲಿ ಚಹಾ ಕೊಡುತ್ತಾರೆ. ವಿಷಯಗಳೂ ದೊಡ್ಡವು: ಸಂಸ್ಕೃತಿ, ಸೌಹಾರ್ದ, ಸಂವಿಧಾನ. ಎಲ್ಲ ಬೇಕಾದದ್ದೇ, ನಾನು ಬೇಡವೆನ್ನುವವಳಲ್ಲ. ಆದರೆ ಕುರ್ಚಿಗಳು ಹೆಚ್ಚಿದಷ್ಟೂ ಕೂರುವವರು ಕಡಿಮೆಯಾದರು.

ಈಗ ಇವತ್ತಿನ ಸಂಗತಿಗೆ ಬರುತ್ತೇನೆ. ನಮ್ಮ ಆಚೆ ಮನೆಯ ಸುಜಾತಾ ಅದೇ ಫ್ಯಾಕ್ಟರಿಗೆ ಹೋಗುತ್ತಾಳೆ. ಫ್ಯಾಕ್ಟರಿ ಈಗ ಕಂಟ್ರಾಕ್ಟರನ ಕೈಯಲ್ಲಿದೆ. ಎಣ್ಣೆ ಡಬ್ಬ ನಿಂತಿದೆ, ಕೈಗವಸು ಬೇಕಾದವರು ತಾವೇ ತರಬೇಕು, ಮಳೆಗಾಲದಲ್ಲಿ ಬಾಗಿಲು ಹಾಕಿದರೆ ಮನೆಯಲ್ಲಿ ಕೂತವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಾಳೆ ಬೆಳಿಗ್ಗೆ ಗೇಟಿನಲ್ಲಿ ನಿಲ್ಲೋಣ ಎಂದು ಸುಜಾತಾ ಹೆಂಗಸರನ್ನು ಒಪ್ಪಿಸಿದ್ದಾಳೆ. ಅವರು ಒಪ್ಪಿದ್ದು ಒಂದೇ ಮಾತಿನ ಮೇಲೆ: ಕಾಮ್ರೇಡರ ಪಾರ್ಟಿ ಬೆನ್ನಿಗೆ ನಿಲ್ಲಬೇಕು. ಇಲ್ಲದಿದ್ದರೆ ನಿಲ್ಲುವವಳು ಅವಳೊಬ್ಬಳೇ, ಸಂಜೆಯೊಳಗೆ ಕೆಲಸ ಕಳೆದುಕೊಳ್ಳುವವಳೂ ಅವಳೊಬ್ಬಳೇ.

"ಅಕ್ಕಾ, ಸಭೆ ನಿಮ್ ಅಂಗಳ್ದಲ್ಲೇ ಮಾಡ್ವ," ಎಂದು ಮೊನ್ನೆ ಬಂದು ಕೂತಳು. "ಹೊನ್ನಾವರಕ್ಕೆ ಯಾರೂ ಬರುದಿಲ್ಲ. ದೇವಮ್ಮನ ತಪ್ಲೆ ಇತ್ತಲ?"

ಇವತ್ತು ಸಂಜೆ ಮಾತಾಡಲು ಬಂದವರು ರಾಘು ಮಾಸ್ತರು. ನಿವೃತ್ತ ಶಿಕ್ಷಕರು, ಹೊನ್ನಾವರದವರು, ಪಾರ್ಟಿಯ ಮುಖಂಡರು. ಚುನಾವಣೆಗೆ ನಿಂತು ಠೇವಣಿ ಕಳೆದುಕೊಂಡವರು, ಮತ್ತೆ ನಿಂತು ಮತ್ತೆ ಕಳೆದುಕೊಂಡವರು. ಆದರೂ ಇಸ್ತ್ರಿ ಮಾಡಿದ ಅಂಗಿಯಲ್ಲೇ ಬರುವವರು. ಕೈಯಲ್ಲಿ ಬರೆದು ತಂದ ಭಾಷಣವಿತ್ತು, ದಪ್ಪಗಿತ್ತು. ನಾನು ಎರಡು ಡಬ್ಬದ ನಡುವೆ ನಿಂತೆ. ಅತ್ತೆಯ ಕಣ್ಣು ನನಗೆಲ್ಲಿ? ನಮ್ಮನೆಯವರನ್ನು ಕೇಳಿದೆ.

"ಬೆಳ್ತಿಗೆ," ಎಂದರು ಇವರು ಸದ್ದಿಲ್ಲದೆ. "ಆ ಕಟ್ಟು ನೋಡಿದ್ಯಾ?"

ಬೆಳ್ತಿಗೆ ಹಾಕಿದೆ.

ಫ್ಯಾಕ್ಟರಿಯ ಹೆಂಗಸರು ಬಂದಿದ್ದರು. ಓಂ ಬೀಚಿನ ಹೋಮ್‌ಸ್ಟೇಯಲ್ಲಿ ರೂಮು ತೊಳೆಯುವ ಮಾದೇವಿಯೂ ಸುಜಾತಾ ಕರೆದಳೆಂದು ಬಂದಿದ್ದಳು. ಅತ್ತೆಯ ಕಾಲದಲ್ಲಾದರೆ ಅವಳನ್ನು "ನಿಮ್ದು ಬೇರೆ ಕೆಲ್ಸ" ಎಂದು ಸಂಘಕ್ಕೆ ಸೇರಿಸುತ್ತಿರಲಿಲ್ಲ; ತದಡಿಯ ಮೀನಿನ ಹೆಂಗಸರಿಗೆ ಹಾಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹಳೆಯದೆಲ್ಲ ಚಿನ್ನವಾಗಿರಲಿಲ್ಲ.

ಮಾಸ್ತರು ಶುರು ಮಾಡುವ ಮೊದಲೇ ಸುಜಾತಾ ಎದ್ದಳು. "ಮಾಸ್ತ್ರೆ, ನಾಳೆ ಗೇಟಿಗೆ ಬತ್ರಿ ಅಲಾ?"

ಮಾಸ್ತರು ಕನ್ನಡಕ ತೆಗೆದು ಒರೆಸಿದರು. "ಬರುದು ದೊಡ್ಡದಲ್ಲ ತಂಗೀ. ಬಂದು ಎಂತ ಹೇಳುದು? ಎಣ್ಣೆ ಕೊಡಿ, ಮಳೆಗಾಲ್ದ ಸಂಬ್ಳ ಕೊಡಿ, ಇದು ಹಳೇ ರಾಜಕಾರಣ ಅಂತ ನಮ್ಮವ್ರೇ ಹೇಳ್ತ್ರು. ಎಣ್ಣೆ ಬಗ್ಗೆ ಮಾತಾಡಿದ್ರೆ ಪೇಪರ್‌ನವ್ರೂ ಬರುದಿಲ್ಲ."

"ಪೇಪರ್‌ನವ್ರ ಕೈ ಸುಡುದಿಲ್ಲಲ!"

ನಗು ಎದ್ದಿತು. ಮಾಸ್ತರೂ ನಕ್ಕರು, ಆದರೆ ಬಿಡಲಿಲ್ಲ. "ಕೇಳು. ನಾವು ಸಂಬ್ಳದ ಮಾತಾಡ್ದಾಗೆಲ್ಲ ನೀವು ಚಪ್ಪಾಳೆ ತಟ್ಟಿರಿ. ಓಟು ಯಾರಿಗೆ ಹಾಕಿರಿ? ಈ ಅಂಗಳ್ದಲ್ಲಿ ನಂಗೆ ಓಟು ಹಾಕ್ದವ್ರು ಕೈ ಎತ್ತಿ ನೋಡುವಾ."

ಒಂದು ಕೈಯೂ ಮೇಲೆ ಹೋಗಲಿಲ್ಲ. ಒಬ್ಬಳು ಸೆರಗಿನ ದಾರ ಕೀಳತೊಡಗಿದಳು. ಇವರು ರಿಕ್ಷಾದ ಕಡೆ ಏನೋ ಕೆಲಸವಿದ್ದವರಂತೆ ನೋಡಿದರು. ನಾನು ಒಲೆಗೆ ಕಟ್ಟಿಗೆ ತುರುಕಿದೆ, ಬೇಕಾಗಿರಲಿಲ್ಲ.

"ಅದೂ ಅಲ್ದೆ, ಮೊದ್ಲು ಗೇಟು ಅಂತ ಇತ್ತು," ಎಂದರು ಮಾಸ್ತರು, ಈಗ ದನಿ ಮೆತ್ತಗಾಗಿತ್ತು. "ಈಗ ಅರ್ಧ ಜನ ಹೋಮ್‌ಸ್ಟೇಲಿ, ಅರ್ಧ ಜನ ಬೈಕ್ ಮೇಲೆ ಪಾರ್ಸೆಲ್ ಹಂಚುಕೆ. ನಾ ಯಾರ ಗೇಟಿನೆದ್ರು ಕೂಗ್ಲಿ? ಗೊತ್ತಿದ್ರೆ ಹೇಳಿ, ನಾಳೆನೇ ಕೂಗ್ತೆ."

ಅವರ ಮಾತು ಸುಳ್ಳಲ್ಲ. ಬಹಳ ಸೋತವರ ಬಾಯಿಂದ ಬಂದ ಮಾತು, ಅದಕ್ಕೊಂದು ತೂಕವಿತ್ತು. ಸುಜಾತಾ ಸುತ್ತ ಕೂತವರತ್ತ ತಿರುಗಿ ನೋಡಿದಳು. ನಾಳೆ ಗೇಟಿನಲ್ಲಿ ಹೇಗೆ ಒಬ್ಬಳೇ ನಿಂತಿರುತ್ತಾಳೋ ಹಾಗೆಯೇ ನಿಂತಳು. ಅದನ್ನು ನೋಡಿ ನನಗೆ ಏನಾಯಿತೋ. ಅತ್ತೆಯ ಕಾಲದಲ್ಲಿ ಅಷ್ಟು ವರ್ಷ ಸಭೆಗಳಲ್ಲಿ ಗಂಜಿ ಬಡಿಸಿದವಳು, ಬಾಯಿ ಬಿಟ್ಟವಳಲ್ಲ. ಸೌಟು ಹಿಡಿದೇ ಮುಂದೆ ಹೋದೆ.

"ಮಾಸ್ತ್ರೆ, ನೀವು ಓಟು ಕೇಳುಕೆ ಎಷ್ಟು ಸಲ ಬಂದಿರಿ. ಕೈ ಹೆಂಗಿತ್ತು ಕೇಳುಕೆ ಯಾವಾಗ ಬಂದಿರಿ? ಅದೊಂದು ಮೊದ್ಲು ಕೇಳಿ. ಮಾದೇವಿ, ನಿನ್ ಕೈ ತೋರ್ಸೆ."

ಮಾದೇವಿ ಗಾಬರಿಯಾಗಿ ಕೈ ಮುಂದೆ ಹಿಡಿದಳು. ಕಕ್ಕಸು ತೊಳೆಯುವ ಆಸಿಡ್ಡಿಗೆ ಬೆರಳ ತುದಿಗಳು ಬಿಳುಚಿ ಬಿರಿದಿದ್ದವು. ಪಕ್ಕದಲ್ಲಿ ಸುಜಾತಾ ತನ್ನ ಕಪ್ಪು ಕೈ ಹಿಡಿದಳು. ಫ್ಯಾಕ್ಟರಿಯ ಹೆಂಗಸೊಬ್ಬಳು ಮಾದೇವಿಯ ಬೆರಳು ಹಿಡಿದು ತಿರುಗಿಸಿ ನೋಡಿ, "ಅಯ್ಯ, ನಿಂಗೂ ಕೈಗವಸು ಕೊಡುದಿಲ್ಲನೇ?" ಎಂದಳು. ಅಲ್ಲಿಂದ ಮಾತು ಯಾರ ಕೈಯಲ್ಲೂ ನಿಲ್ಲಲಿಲ್ಲ. ಯಾವ ಹೋಮ್‌ಸ್ಟೇಯವನು ರಜೆ ಕೊಡುವುದಿಲ್ಲ, ಯಾವ ಸೂಪರ್‌ವೈಸರ್ ಮೂತ್ರಕ್ಕೆ ಎದ್ದರೂ ಗೊಣಗುತ್ತಾನೆ, ಇವರ ರಿಕ್ಷಾ ಸ್ಟ್ಯಾಂಡಿನ ಗೋಳು ಎಂತಹದು. ಹೌದು, ಇವರೂ ಎದ್ದು ನಿಂತಿದ್ದರು. ಮಾಸ್ತರು ಮೊದಲು ನಿಂತು ಕೇಳಿದರು, ಆಮೇಲೆ ಮೆಟ್ಟಿಲ ಮೇಲೆ ಕೂತು ಕೇಳಿದರು, ಆಮೇಲೆ ತಾವೇ ಪ್ರಶ್ನೆ ಕೇಳತೊಡಗಿದರು.

ಎಡಪಕ್ಷಗಳು ಮತ್ತೆ ದುಡಿಯುವವರ ಅನ್ನದ, ಕೂಲಿಯ ರಾಜಕಾರಣಕ್ಕೆ ಧೈರ್ಯವಾಗಿ ತಿರುಗಬೇಕೇ ಎಂದು ಪೇಪರಿನಲ್ಲಿ ದೊಡ್ಡವರು ಚರ್ಚಿಸುತ್ತಿರುತ್ತಾರೆ. ಮಧ್ಯಾಹ್ನ ಕಾಲು ಚಾಚಿ ಓದುತ್ತೇನೆ, ಅರ್ಧಕ್ಕೆ ಕಣ್ಣು ಮುಚ್ಚುತ್ತದೆ. ನನ್ನನ್ನು ಕೇಳಿದರೆ ತಿರುಗಬೇಕು. ಓಟು ಬರುತ್ತದೆಂದು ಹೇಳಲಾರೆ; ಬಾರದೆಯೂ ಇರಬಹುದು. ಆದರೆ ಈ ಅಂಗಳದಲ್ಲಿ ಎಷ್ಟೋ ಭಾಷಣ ಕೇಳಿದ್ದೇನೆ, ಜನ ಒಲೆಯನ್ನೇ ಮರೆತದ್ದು ಆ ಒಂದು ವಿಷಯಕ್ಕೆ ಮಾತ್ರ.

ಹೌದು, ಮರೆತದ್ದು. "ಅಕ್ಕಾ, ಗಂಜಿ!" ಎಂದು ಸುಜಾತಾ ಕಿರುಚಿದಾಗ ಹೊಗೆ ಬಸಳೆ ಚಪ್ಪರದವರೆಗೆ ಹೋಗಿತ್ತು. ನಾನು ಓಡಿದೆ. ತಪ್ಪಲೆ ಇಳಿಸಲು ಕೈಗೆ ಬಟ್ಟೆ ಸಿಗಲಿಲ್ಲ. ಮಾಸ್ತರು ಹಿಂದಿನಿಂದ ಬಂದು ತಮ್ಮ ಭಾಷಣದ ಕಟ್ಟನ್ನು ಎರಡು ಪಾಲು ಮಾಡಿ ಕಂಠದ ಆ ಬದಿ ಈ ಬದಿ ಒತ್ತಿ ಹಿಡಿದು ಇಳಿಸಿಯೇಬಿಟ್ಟರು. "ದಪ್ಪ ಬರ್ದದ್ದು ಉಪಯೋಗಕ್ಕೆ ಬಂತು" ಎಂದರು.

"ನಾಳೆ ಎಷ್ಟ್ ಹೊತ್ತಿಗೆ, ತಂಗೀ?" ಎಂದೂ ಕೇಳಿದರು.

"ಸೈರನ್ನಿನ ಮೊದ್ಲು," ಎಂದಳು ಸುಜಾತಾ. ಹೆಂಗಸರು ತಮ್ಮೊಳಗೇ ಯಾರು ಯಾರನ್ನು ಕರೆಯುತ್ತ ಬರಬೇಕೆಂದು ಹಂಚಿಕೊಳ್ಳತೊಡಗಿದ್ದರು. ಮಾದೇವಿ ತನಗೆ ನಾಳೆ ರಜೆಯಿಲ್ಲ, ಆದರೆ ಬಸ್ಸು ಹಿಡಿಯುವ ಮೊದಲು ಬಂದು ಸ್ವಲ್ಪ ಹೊತ್ತು ನಿಲ್ಲುತ್ತೇನೆ ಎಂದಳು. ನಾಳೆ ಏನಾಗುತ್ತದೋ ನನಗೂ ಗೊತ್ತಿಲ್ಲ. ಸುಜಾತಾ ಒಬ್ಬಳೇ ಇರುವುದಿಲ್ಲ ಎಂಬುದಷ್ಟು ಗೊತ್ತು.

ತಪ್ಪಲೆಗೆ ನೀರು ತುಂಬಿ ಬಾವಿಕಟ್ಟೆಯ ಬಳಿ ಇಟ್ಟಿದ್ದೇನೆ. ತಿಕ್ಕುವ ಯೋಚನೆಯಿಲ್ಲ.

ಎಲ್ಲರೂ ಹೊಗೆವಾಸನೆಯ ಗಂಜಿ ಉಂಡೆವು, ಸುಟ್ಟ ಒಣಸಿಗಡಿಯ ಚಟ್ನಿ ಮತ್ತು ಬೆಳಿಗ್ಗೆ ಉಪ್ಪು ಹಾಕಿದ, ಇನ್ನೂ ಹದವಾಗದ ಮಿಡಿ ನೆಂಚಿಕೊಂಡು. ಮಾಸ್ತರಿಗೆ ಹೊನ್ನಾವರದ ಬಸ್ಸು ತಪ್ಪಿತು. ನಾನು ಒಳಗಿಂದ ಚಾಪೆ ತರುವಷ್ಟರಲ್ಲಿ ಜಗಲಿಯ ಬೆಂಚಿನ ಮೇಲೆ ಇಸ್ತ್ರಿ ಅಂಗಿಯಲ್ಲೇ ಗೊರಕೆ ಶುರುವಾಗಿತ್ತು. ಮೊದಲು ನಿದ್ದೆ ಹೋದವರು ಅವರೇ.