ತೊಳೆದ ಗೋಡೆ

ಆಗ ನನಗೆ ಅರವತ್ತೆಂಟು. ಇದಾಗಿ ನಾಲ್ಕು ವರ್ಷವಾಯಿತು. ಪಿತೃಪಕ್ಷದ ಹಬ್ಬಕ್ಕೆಂದು ಹೊಳಲಿನ ತಂಗಿ ಮನೆಗೆ ಹೋದರೆ ಬಾಗಿಲಲ್ಲಿ ಪೊಲೀಸರು. ತಂಗಿಯ ಸೊಸೆ ತಲೆ ಒಡೆದು ಮಂಡ್ಯದ ಆಸ್ಪತ್ರೆಯಲ್ಲಿದ್ದಳು. ಮಲಗುವ ಕೋಣೆಯಲ್ಲಿ ಗಂಡ ತನ್ನ ತಲೆಯನ್ನು ಗೋಡೆಗೆ ಗುದ್ದಿಸಿದ ಎಂದು ಅವಳು ಹೇಳಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ತಂಗಿ. ತಂಗಿಯ ಮಾತೇ ನಿಂತರೆ ಆ ಹುಡುಗಿ ಮತ್ತೆ ಇದೇ ಕೋಣೆಗೆ ಬರಬೇಕಿತ್ತು.

ಮಹಜರಿಗೆ ಸಾಕ್ಷಿ ಬೇಕೆಂದು ನನ್ನನ್ನೂ ಕೋಣೆಯೊಳಗೆ ಕರೆದರು. ಲ್ಯಾಬಿನಿಂದ ಬಂದ ಹೆಣ್ಣುಮಗಳು ಕಿಟಕಿಗೆ ಕಂಬಳಿ ಕಟ್ಟಿಸಿ, ನೇರಳೆ ಬೆಳಕಿನ ಟಾರ್ಚು ಹಚ್ಚಿದಳು. ಮೊದಲು ಮೂಲೆ ಹಳದಿಯಾಗಿ ಹೊಳೆಯಿತು.

"ಇದೇನವ್ವ?"

"ಉಚ್ಚೆ ಅಜ್ಜಿ. ಹಳೇದು."

ತಂಗಿಯ ಮಗ ಕುಡಿದು ಬಂದು ಅಲ್ಲೇ ಹೊಯ್ದಿದ್ದಾನೆ. ಮೇಲೆ ದೇವರ ಫೋಟೊ ಬೇರೆ.

ಆಮೇಲೆ ಬೆಳಕು ಮಂಚದ ಕಡೆ ತಿರುಗಿತು. ಸುಣ್ಣದ ಗೋಡೆಯೆಲ್ಲ ಮಂಕು. ಮಂಚದ ಪಕ್ಕ ಮಾತ್ರ, ಕೈ ಆಡಿಸಿದ ಹಾಗೆ, ನೀಲಿ ಬಿಳುಪು ಗೀರುಗಳು. ಬಟ್ಟೆ ಸೋಪಿನ ಪುಡಿ ಹಾಕಿ ಉಜ್ಜಿದರೆ ಹೀಗೆ ಹೊಳೆಯುತ್ತದಂತೆ. ಅದರ ಕೆಳಗೆ, ನೆಲದ ಬಿರುಕಿನಲ್ಲಿ, ಏನೋ ಕಪ್ಪಗೆ ಇಳಿದು ಒಣಗಿತ್ತು. ರಕ್ತವಿರಬಹುದು, ಪರೀಕ್ಷೆ ಮಾಡಬೇಕು ಎಂದು ಅದನ್ನು ಹತ್ತಿಯಲ್ಲಿ ಒರೆಸಿಕೊಂಡಳು.

ತಂಗಿ ಬಾಗಿಲಿಂದಲೇ ಶುರುಮಾಡಿದಳು. "ಅಬ್ಬಕ್ಕೆ ಮನೆ ತೊಳ್ದೆ ಕಣಮ್ಮ. ದೊಡ್ಡೋರಿಗೆ ಎಡೆ ಇಕ್ಕೋ ಮನೆ, ಕೊಳಕಾಗಿ ಬುಡಾಕಾಯ್ತದಾ? ನಮ್ಮಕ್ಕುನ್ನೇ ಕೇಳಿ."

ಎಲ್ಲರೂ ನನ್ನ ಮುಖ ನೋಡಿದರು. ಪಕ್ಷಕ್ಕೆ ನಾವು ಹಂಡೆಯ ತಳದಿಂದ ಹಿಡಿದು ಅಟ್ಟದವರೆಗೂ ತೊಳೆಯುವವರು.

"ಅಬ್ಬಕ್ಕೆ ತೊಳ್ಯೋಳು ಮಂಚದ ಮಗ್ಗುಲು ಒಂದ್ನೇ ತೊಳೀತಾಳೇನೇ?" ಎಂದೆ. "ನಿನ್ ಮಗನ ಉಚ್ಚೆ ಆ ಮೂಲೇಲಿ ಅಂಗೇ ಅದೆ. ಸತ್ತೋರು ಅದನ್ನ ಮೂಸ್ಕೊಂಡು ಎಡೆ ಉಣ್ಬೇಕಾ?"

"ಒಡಹುಟ್ಟಿದೋಳಾಗಿ ಇಂಗಂತೀಯಲ್ಲಕ್ಕ."

"ಅಂತೀನಿ ಕಣೆ. ಬರ್ಕೊಳವ್ವ ನೀನು, ನಾನ್ ಕಂಡಿದ್ನೆಲ್ಲ."

ಬರೆದದ್ದನ್ನು ಓದಿಸಿ ಕೇಳಿ, ಅಕ್ಷರ ಅಕ್ಷರ ಕೂಡಿಸಿ ರುಜು ಹಾಕಿದೆ. ಎಡೆಗೆ ನಿಲ್ಲಲಿಲ್ಲ. ಒಲೆಯ ಮೇಲೆ ವಡೆ ಬೇಯುತ್ತಿತ್ತು. ಆ ಮನೆಯ ನೀರನ್ನೂ ಮುಟ್ಟದೆ ಬಸ್ಸು ಹತ್ತಿ ಮದ್ದೂರಿನ ನನ್ನ ಮನೆಗೆ ಬಂದುಬಿಟ್ಟೆ.

ಮಾರನೆಯ ಬೆಳಿಗ್ಗೆ ರಾಗಿ ಗಂಜಿ ಕಾಯಿಸಿ, ಡಬ್ಬಿಗೆ ಹುಯ್ದುಕೊಂಡು, ಮಂಡ್ಯದ ಆಸ್ಪತ್ರೆಗೆ ಹೋಗಿ ಆ ಹುಡುಗಿಗೆ ಕುಡಿಸಿದೆ.