ಯುಡೋರಾರ ತಗಡು, ಮರಳಿನ ನಕ್ಷತ್ರ

ಬೆಳಗಿನ ಐದೂವರೆ. ಪೋರ್ಟ್ ಆಫ್ ಸ್ಪೇನ್ ಊರಿನ ಬೆನ್ನಿಗಿರುವ ಗುಡ್ಡದಲ್ಲಿ ಕೋಳಿಗಳು ಆಗಲೇ ಕೂಗಿ ಸುಸ್ತಾಗಿವೆ. ವಾದ್ಯದಂಗಳದಲ್ಲಿ, ಎಣ್ಣೆ ಪೀಪಾಯಿ ಕತ್ತರಿಸಿ ಬಾರಿಸಲು ಮಾಡಿದ ಉಕ್ಕಿನ ಪ್ಯಾನ್‌ಗಳು ಟಾರ್ಪಾಲಿನಡಿ ಮಲಗಿವೆ. ಮೂಲೆಯ ಮಾವಿನ ಮರದ ಕೆಳಗೆ, ಸೊಂಟದೆತ್ತರದ ಗೂಟಕ್ಕೆ ನಡುಮಧ್ಯೆ ತಿರುಪು ಹಾಕಿ ಬಿಗಿದ ಒಂದು ದುಂಡು ತಗಡಿನ ಮೇಲೆ ಯುಡೋರಾ ಕ್ವಾಮಿನಾ ಒಂದೂವರೆ ಚಮಚ ಮರಳು ಉದುರಿಸುತ್ತಾರೆ. ಎಡಗೈ ಹೆಬ್ಬೆರಳನ್ನು ಅಂಚಿಗೆ ಒತ್ತಿ, ಬಲಗೈಯಲ್ಲಿ ಪಿಟೀಲಿನ ಕಮಾನನ್ನು ಅಂಚಿಗೆ ತಾಗಿಸಿ ಕೆಳಕ್ಕೆಳೆಯುತ್ತಾರೆ. ತಗಡು ಮೊದಲು ಕಿರುಗುಟ್ಟುತ್ತದೆ, ಆಮೇಲೆ ಹಾಡುತ್ತದೆ. ಮರಳು ದಿಗಿಲುಬಿದ್ದ ಇರುವೆಗಳ ಹಾಗೆ ಓಡಿ, ನಡುಗದ ಜಾಗ ಹುಡುಕಿಕೊಂಡು ಅಲ್ಲಿ ಸಾಲುಗಟ್ಟುತ್ತದೆ.

ಎಂಟು ಕೈಗಳ ನಕ್ಷತ್ರ ಬರಬೇಕು. ಬಂದಿರುವುದರಲ್ಲಿ ಎರಡು ಕೈಗಳು ನಡುವನ್ನು ಮುಟ್ಟದೆ ಏಡಿಯ ಕಾಲಿನಂತೆ ಸೊಟ್ಟಗೆ ಬಾಗಿವೆ.

"ಮತ್ತೆ ಏಡಿ," ಎನ್ನುತ್ತಾರೆ ಯುಡೋರಾ. ಇದು ಮೂರನೆಯ ದಿನ.

ಶನಿವಾರ ಪ್ಯಾನ್ ಸ್ಪರ್ಧೆಯ ಫೈನಲ್. ತಂಡದ ಮುಂದೆ ಕುಣಿಯುತ್ತ ಬೀಸುವ ದೊಡ್ಡ ಬಾವುಟದ ಮೇಲೆ ಮೂವತ್ತೊಂದು ವರ್ಷಗಳಿಂದ ಇರುವುದು ಯುಡೋರಾರ ಮರಳಿನ ನಕ್ಷತ್ರವೇ. ಪ್ರತಿವರ್ಷ ಹೊಸದು. ಇಂದು ಗುರುವಾರ. ಯುಡೋರಾರನ್ನು 'ತಾಂಟಿ', ಅಂದರೆ ಅತ್ತೆ, ಎಂದು ಕರೆಯುವ ತಂಡದ ನಾಯಕ ಆನ್ಸೆಲ್ಮ್ ಪಾಂಟಿನ್ ನಿನ್ನೆಯೇ ಬಂದು ತಲೆ ಕೆರೆದುಕೊಂಡು ಹೇಳಿ ಹೋಗಿದ್ದಾರೆ.

"ತಾಂಟಿ, ನಾಳೆ ಸಂಜೆವರೆಗೂ ಕಾಯ್ತೀನಿ. ಆಗ್ಲಿಲ್ಲ ಅಂದ್ರೆ ಹೋದ ವರ್ಷದ್ದನ್ನೇ ಅಂಗಡೀಲಿ ಅಚ್ಚು ಹಾಕಿಸಿಬಿಡ್ತೀನಿ."

"ಹಂಗಾದ್ರೆ ಹಾಡೂ ಹೋದ ವರ್ಷದ್ದೇ ಬಾರಿಸ್ತೀಯೇನಪ್ಪಾ?"

ಉತ್ತರವೇನೋ ಚುರುಕಾಗಿಯೇ ಕೊಟ್ಟರು. ಆದರೆ ಐವತ್ತೇಳರ ಹೆಬ್ಬೆರಳೇ ನಡುಗುತ್ತಿದೆಯೇನೋ ಎಂಬ ಅನುಮಾನ ಆಗಿನಿಂದ ಅವರನ್ನು ಬಿಟ್ಟಿಲ್ಲ. ಒಮ್ಮೆ ಅಚ್ಚಿನಂಗಡಿಗೆ ಹೋದ ಕೆಲಸ ತಿರುಗಿ ಕೈಗೆ ಬರುವುದಿಲ್ಲ ಎಂದು ಅವರಿಗೆ ಗೊತ್ತು.

ಯುಡೋರಾರದು ಅಗಸರ ಮನೆ. ತಾಯಿ ಮರಗೆಣಸಿನ ಗಂಜಿ ಹಾಕಿ ಕಾಲರು ನಿಲ್ಲಿಸುವುದರಲ್ಲಿ ಹೆಸರಾದವರು. ತಂದೆ ಕ್ರಿಸ್‌ಮಸ್ ದಿನಗಳಲ್ಲಿ ಮನೆಮನೆಗೆ ಹೋಗಿ ಪರಾಂಗ್ ಹಾಡುವವರ ಜೊತೆ ಪಿಟೀಲು ನುಡಿಸುತ್ತಿದ್ದರು. ಪಿಟೀಲನ್ನು ಗೆದ್ದಲು ತಿಂದಿತು, ಕಮಾನು ಉಳಿಯಿತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ತಂಡದ ಸಮವಸ್ತ್ರ ಇಸ್ತ್ರಿ ಮಾಡಲು ಅಂಗಳಕ್ಕೆ ಬಂದಾಗ, ಪೀಪಾಯಿಯಿಂದ ಕತ್ತರಿಸಿ ಎಸೆದ ತಳದ ತಗಡೊಂದರ ಮೇಲೆ ಗಂಜಿಪುಡಿ ಚೆಲ್ಲಿತು. ಪಕ್ಕದಲ್ಲೇ ಬೇಸ್ ಪ್ಯಾನ್ ಗುಡುಗುತ್ತಿತ್ತು. ಪುಡಿ ಎದ್ದು ಕುಣಿದು ಗೆರೆಯಾಗಿ ನಿಂತಿತು.

"ಎಲ್ಲರೂ ಕಿವೀಲಿ ಕೇಳ್ತಿದ್ರು. ನಂಗೆ ಕಣ್ಣಿಗೆ ಬಿತ್ತು. ಅಷ್ಟೇ ಕಣಮ್ಮ, ಇದರಲ್ಲೇನು ಮಹಾ?" ಎಂದು ಯುಡೋರಾ ಬರೆದುಕೊಳ್ಳಲು ಬಂದ ನನಗೆ ಹೇಳುತ್ತಾರೆ.

ಉಳಿದದ್ದೆಲ್ಲ ಅವರೇ ಕಂಡುಕೊಂಡದ್ದು. ಕಡಲಮರಳನ್ನು ಏಳು ನೀರಿನಲ್ಲಿ ತೊಳೆಯಬೇಕು. ಉಪ್ಪು ಉಳಿದರೆ ತೇವ ಹೀರಿ ಗಂಟುಕಟ್ಟುತ್ತದೆ. ಗಾಳಿ ಏಳುವುದು ಎಂಟರ ಮೇಲೆ, ಅಷ್ಟರೊಳಗೆ ಮುಗಿಸಬೇಕು. ನಕ್ಷತ್ರ ಮೂಡಿದ ಕೂಡಲೇ ಗಂಜಿ ಬಳಿದ ಬಟ್ಟೆಯನ್ನು ಮೇಲಿಂದ ಉಸಿರು ಬಿಗಿಹಿಡಿದು ಇಳಿಸಿ ಎತ್ತಿದರೆ ಮರಳು ಅಂಟಿಕೊಂಡು ಬರುತ್ತದೆ. ಅದರ ಮೇಲೆ ಬಣ್ಣ ಊದಿ, ಒಣಗಿಸಿ, ಒಗೆದರೆ ಗಂಜಿಯೂ ಮರಳೂ ಹೋಗಿ ಗೆರೆಗಳು ಬೆಳ್ಳಗೆ ಉಳಿಯುತ್ತವೆ. ದಿನಕ್ಕೆ ನಲವತ್ತು ಸಲ ಕಮಾನು ಎಳೆದರೆ ಬಟ್ಟೆಗೆ ಇಳಿಸುವಂಥವು ಏಳೋ ಎಂಟೋ. ಬಲಭುಜ ಹಿಡಿದುಕೊಂಡು ಹತ್ತು ವರ್ಷವಾಯಿತು. ಹೊಟ್ಟೆಪಾಡಿಗೆ ಈಗಲೂ ಇಸ್ತ್ರಿಯೇ.

ಏಳು ಗಂಟೆಗೆ ಲೆಝಾಮಾ ಬರುತ್ತಾರೆ. ಎಪ್ಪತ್ನಾಲ್ಕರ ಈ ಮುದುಕ ತಂಡದ ಪ್ಯಾನ್‌ಗಳಿಗೆಲ್ಲ ಸುತ್ತಿಗೆಯಲ್ಲಿ ಶ್ರುತಿ ಕೂರಿಸುವವರು. ಯುಡೋರಾರ ತಗಡನ್ನು ಅವರು ಅಂದಿನಿಂದ ಇಂದಿನವರೆಗೂ ಕರೆಯುವುದು 'ಮುಚ್ಚಳ' ಎಂದೇ.

"ಏನೇ, ಮುಚ್ಚಳದಲ್ಲಿ ಇನ್ನೂ ಏಡಿನೇ ಬೇಯ್ತಿದೆಯಾ?" ಎಂದು ರೇಗಿಸುತ್ತ ಬಂದವರು ತಟ್ಟನೆ ನಿಲ್ಲುತ್ತಾರೆ. "ಇದ್ಯಾಕೆ ಕನ್ನಡಿ ಥರ ಹೊಳೀತಿದೆ?"

ಹಿಂದೆಯೇ ಬಂದ ಆನ್ಸೆಲ್ಮ್ ಎದೆಯುಬ್ಬಿಸುತ್ತಾರೆ. "ನಾನೇ ಮೆರುಗು ಹಾಕಿಸಿದ್ದು! ತಾಂಟಿ ಎಷ್ಟು ವರ್ಷ ಅಂತ ತುಕ್ಕು ತಗಡಲ್ಲಿ ದುಡೀಬೇಕು? ಹೋದ ವಾರ ಅವರ ಹುಟ್ಟುಹಬ್ಬಕ್ಕೆ, ನೀವಿರಲಿಲ್ಲ, ಪ್ಯಾನ್‌ಗಳ ಜೊತೇಲೇ ಕಳಿಸಿದ್ದೆ."

"ಮೆರುಗು ಹಾಕಿಸಿದ ಪ್ಯಾನನ್ನ ನನ್ನ ಕೈಗೆ ಕೊಡದೆ ಯಾವತ್ತಾದ್ರೂ ಬಾರಿಸಿದ್ದೀಯೇನೋ? ಕುಲುಮೆ, ಆಸಿಡ್ಡು ಎಲ್ಲ ಕಂಡು ಬಂದಿರುತ್ತೆ. ಉಕ್ಕಿನ ಬಿಗಿನೇ ಹೋಗಿರುತ್ತೆ."

"ಅದು ಪ್ಯಾನ್ ಅಲ್ವಲ್ಲ ಅಂಕಲ್. ನೀವೇ ಮುಚ್ಚಳ ಅಂತೀರಿ!"

ಲೆಝಾಮಾ ಬಗ್ಗಿ ತಗಡಿನ ಅಂಚನ್ನು ಉಗುರಿನಿಂದ ತಟ್ಟುತ್ತಾರೆ. ಆಮೇಲೆ ಯುಡೋರಾರ ಕಡೆ ತಿರುಗುತ್ತಾರೆ. "ನಿಂಗೆ ಗೊತ್ತಿತ್ತು ಅಲ್ವೇನೇ?"

ಗೊತ್ತಿತ್ತು. ಮೊದಲ ಎಳೆತಕ್ಕೇ ಸಂಶಯ ಬಂದಿತ್ತು. ಆದರೆ ಕೇಕ್ ಕತ್ತರಿಸಿ, ಅರುವತ್ತು ಜನ ಚಪ್ಪಾಳೆ ತಟ್ಟಿ ಕೊಟ್ಟ ಉಡುಗೊರೆ. ಅದರ ಮೇಲೆ ತಪ್ಪು ಹೊರಿಸುವುದು ಹೇಗೆ? ಮರಳನ್ನು ಬೈದರು, ತಮ್ಮ ಹೆಬ್ಬೆರಳನ್ನು ಬೈದರು. "ಅಷ್ಟು ಪ್ರೀತಿಯಿಂದ ಕೊಟ್ಟಿದ್ರಲ್ಲ," ಎಂದು ಈಗ ಅಂಗಿಯ ಅಂಚಿನಲ್ಲೇ ಕೈ ಒರೆಸಿಕೊಳ್ಳುತ್ತಾರೆ.

ಆನ್ಸೆಲ್ಮ್ ಹಣೆ ಚಚ್ಚಿಕೊಳ್ಳುತ್ತಾರೆ. ಲೆಝಾಮಾ ಮಾತ್ರ ಚೀಲ ಬಿಚ್ಚಿ ಸಣ್ಣ ಸುತ್ತಿಗೆ ತೆಗೆಯುತ್ತಾರೆ. ಆದರೆ ಹೊಡೆಯುವುದೆಲ್ಲಿ? ಈ ತಗಡಿಗೆ ಸ್ವರವಿಲ್ಲ, ಇರುವುದು ಆಕಾರ. ಐವತ್ತು ವರ್ಷ ಕಿವಿಯನ್ನೇ ನಂಬಿದವರು ಇಂದು ಯುಡೋರಾರ ಕಣ್ಣನ್ನು ನಂಬಬೇಕು.

"ಎಳಿ," ಎನ್ನುತ್ತಾರೆ. ಕಮಾನು ಇಳಿಯುತ್ತದೆ.

"ಇಲ್ಲಿ ಬಾಗ್ತಿದೆ. ಅಲ್ಲಲ್ಲ, ಒಂದು ಬೆರಳು ಈಚೆ."

ಟಕ್. ಟಕ್.

"ಸಾಕಾ?"

"ಇನ್ನೊಂದು ಚೂರು. ಮೊಟ್ಟೆ ಒಡೆಯೋ ಹಾಗೆ ಹೊಡಿ, ಕಲ್ಲು ಒಡೆಯೋ ಹಾಗಲ್ಲ."

"ನಂಗೇ ಹೇಳ್ಕೊಡ್ತಾಳೆ ನೋಡ್ರೋ!"

ಎಂಟು ದಾಟಿ ಗಾಳಿ ಎದ್ದಾಗ ಆನ್ಸೆಲ್ಮ್ ಟಾರ್ಪಾಲು ಹಿಡಿದು ಗೋಡೆಯಂತೆ ನಿಲ್ಲುತ್ತಾರೆ. ಒಂಬತ್ತೂಕಾಲಿಗೆ, ಮೂವತ್ನಾಲ್ಕನೆಯ ಎಳೆತಕ್ಕೆ, ಮರಳು ಸರ್ರನೆ ಓಡಿ ಎಂಟು ಕಡೆಯೂ ನೆಟ್ಟಗೆ ನಿಲ್ಲುತ್ತದೆ. ಪ್ರತಿ ಕೈಯ ತುದಿಯಲ್ಲೂ ಈವರೆಗೆ ಎಂದೂ ಕಾಣದ ಸಣ್ಣದೊಂದು ಕವಲು. ಯುಡೋರಾ ಉಸಿರಾಡದೆ ಬಟ್ಟೆ ಇಳಿಸಿ ಎತ್ತುತ್ತಾರೆ. ಒಂದು ಹರಳೂ ಜಾರಿಲ್ಲ.

ಲೆಝಾಮಾ ತಗಡನ್ನು ಬಿಚ್ಚಿ ಬೋರಲು ಹಾಕುತ್ತಾರೆ. ತಾವು ಶ್ರುತಿ ಮಾಡಿದ ಪ್ರತಿ ಪ್ಯಾನಿನ ಅಡಿಯಲ್ಲಿ ಬರೆಯುವಂತೆ, ಬಿಳಿ ಬಣ್ಣದಲ್ಲಿ ತಮ್ಮ ಗುರುತು ಹಾಕಿ, ಇಸವಿ ಬರೆದು, ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಯುಡೋರಾ ಒಣಗದ ಆ ಬಣ್ಣವನ್ನು ಮುಟ್ಟದೆ ಬಹಳ ಹೊತ್ತು ನೋಡುತ್ತಾರೆ.

ಶನಿವಾರ ಗೆಲ್ಲಬೇಕೆಂಬ ಆಸೆಯೇ ಎಂದು ಕೇಳಿದರೆ ನಗುತ್ತಾರೆ. "ಗೆಲ್ಲೋದು ಬಾರಿಸೋರಿಗೆ ಬಿಟ್ಟಿದ್ದು. ನಂದು ಇಷ್ಟೇ. ಮುಂದಿನ ವರ್ಷ ಆ ಮುದುಕ ಶ್ರುತಿ ಮಾಡಬೇಕಾದ ಪ್ಯಾನ್‌ಗಳ ಪಟ್ಟಿ ಬರೀವಾಗ ಇದನ್ನೂ ಸೇರಿಸ್ಕೊಳ್ಳಲಿ. ಕೊನೇಲಿ ಬರೆದ್ರೂ ಪರವಾಗಿಲ್ಲ."